ಜೊತೆಗೆ ಹೋದವಳು

ಕಳೆದ ತಿಂಗಳು ಬ್ಯಾಂಕಿನ ಕೆಲಸಕ್ಕೆಂದು ಅಲ್ಲಾಳಸಂದ್ರದಲ್ಲಿ ಬಸ್ಸಿಳಿದಿದ್ದೆ. ಕೆಲಸ ಮುಗಿಸಿ ಕೆರೆಯ ಕಡೆಯ ರಸ್ತೆಯಲ್ಲಿ ನಡೆಯುತ್ತಿದ್ದಾಗ ಬೇಕರಿಯೊಂದರಿಂದ ಬಿಸಿ ದಿಲ್‌ಪಸಂದಿನ ವಾಸನೆ ಬಂತು. ಕೊಬ್ಬರಿ, ಸಕ್ಕರೆ, ಬೆಣ್ಣೆ ಒಟ್ಟಿಗೆ ಕಾದ ವಾಸನೆ. ಬಾಯಲ್ಲಿ ನೀರೂರಬೇಕಿತ್ತು. ನನ್ನ ಕಿವಿಗಳು ಬಿಸಿಯಾದವು. ಯಾರೋ ನನ್ನ ಹೆಸರು ಹಿಡಿದು ಕರೆದುಬಿಡುತ್ತಾರೇನೋ ಎಂಬಂತೆ ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕಿದೆ.

ಆ ಬೇಕರಿಯ ಮೇಲಿನ ಮಹಡಿಯಲ್ಲಿ ಈಗ ಯಾವುದೋ ಜಿಮ್ಮಿನ ಬೋರ್ಡು ಇದೆ. ಮೊದಲು ಅಲ್ಲಿ ಒಂದು ಸಂಸ್ಥೆಯವರು ಶನಿವಾರ, ಭಾನುವಾರ ತರಗತಿ ನಡೆಸುತ್ತಿದ್ದರು. ಮನೆಯಲ್ಲಿ ಯಾರೂ ಕಾಲೇಜು ಓದದ ಕುಟುಂಬಗಳ ಹೆಣ್ಣುಮಕ್ಕಳನ್ನು ಡಿಗ್ರಿಗೆ ತಯಾರು ಮಾಡುವ ತರಗತಿ. ವರ್ಷದ ಕೊನೆಗೆ ಪರೀಕ್ಷೆ, ಸಂದರ್ಶನ. ಆಯ್ಕೆಯಾದ ಕೆಲವರಿಗೆ ಫೆಲೋಶಿಪ್ ಸಿಗುತ್ತಿತ್ತು. ರಾಜಾನುಕುಂಟೆಯಿಂದಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿಯುವ ತನಕ ಶುಲ್ಕ, ಪುಸ್ತಕ, ಬಸ್ಸು, ಲ್ಯಾಪ್‌ಟಾಪು ಎಲ್ಲ ಅವರದೇ. ನಾನೀಗ ಅಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಮಾಡುತ್ತಿದ್ದೇನೆ, ಕೊನೆಯ ವರ್ಷ. ಆದರೆ ಆ ಬೇಕರಿಯ ಮೆಟ್ಟಿಲನ್ನು ನಾನು ಓದಲಿಕ್ಕೆಂದು ಹತ್ತಿದವಳಲ್ಲ. ನನ್ನ ನಾದಿನಿ ಅಕ್ಷತಾಳ ಜೊತೆಗೆ ಹೋದವಳು.

ನಮ್ಮದು ಕೊಪ್ಪಳದ ಕಡೆ. ಮಾವನವರು ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಅಟ್ಟೂರಿನಲ್ಲಿ ನೆಲೆನಿಂತರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರಿರಲಿಲ್ಲ. ನನ್ನ ಗಂಡ ಮಂಜುನಾಥ ದೊಡ್ಡಬಳ್ಳಾಪುರದ ರಸ್ತೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಅತ್ತೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ನಮ್ಮ ಕಡೆಯ ಎಷ್ಟೋ ಹುಡುಗರು ಯಲಹಂಕದ ಕಾಲೇಜುಗಳಲ್ಲಿ, ಆಫೀಸುಗಳಲ್ಲಿ ಇದ್ದುದರಿಂದ ಎಷ್ಟು ಬಡಿದರೂ ಸಾಲುತ್ತಿರಲಿಲ್ಲ. ಅತ್ತೆ ಬಡಿಯುವುದು, ನಾನು ಬೇಯಿಸುವುದು. ದಿನ ಬೆಳಗಾದರೆ ಇದೇ.

ನಾನು ಊರಲ್ಲಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಓದಿದವಳು. ಒಳ್ಳೆಯ ಅಂಕ ಬಂದಿದ್ದವು. ಫಲಿತಾಂಶ ಬಂದ ವಾರವೇ ನನ್ನ ನಿಶ್ಚಿತಾರ್ಥವಾಯಿತು. ಅಪ್ಪ ಎರಡಕ್ಕೂ ಸೇರಿಸಿ ಒಂದೇ ಸಲ ಪೇಢೆ ಹಂಚಿದ. ಇದನ್ನು ನಾನು ದುಃಖಪಟ್ಟು ಹೇಳುತ್ತಿಲ್ಲ. ಆಗ ನನಗೂ ಅದು ಸಹಜವೆಂದೇ ಕಂಡಿತ್ತು. ಹೊಸ ಸೀರೆಗಳ ಸಂಭ್ರಮದಲ್ಲಿ ಪುಸ್ತಕಗಳನ್ನು ಯಾರಿಗೆ ಕೊಟ್ಟೆ ಎಂಬುದೂ ನೆನಪಿಲ್ಲ.

ಅಕ್ಷತಾ ಬೆಂಗಳೂರಿನಲ್ಲೇ ಬೆಳೆದವಳು. ಅವ್ವನ ಎದುರು ನಮ್ಮ ಭಾಷೆ, ಹೊಸ್ತಿಲು ದಾಟಿದರೆ ಬೆಂಗಳೂರಿನ ಭಾಷೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ನನ್ನೊಡನೆ ಅವಳು ಆ ಒಂದು ಪದವನ್ನು ಮಾತ್ರ ಊರಿನಂತೆ ಅಂದು, ಉಳಿದದ್ದನ್ನೆಲ್ಲ ಇಲ್ಲಿಯವರಂತೆ ಮಾತಾಡುತ್ತಿದ್ದಳು. ನಗುವುದು ಹೆಚ್ಚು, ಮುನಿಸೂ ಹೆಚ್ಚು. ಸರ್ಕಾರಿ ಕಾಲೇಜಿನಲ್ಲಿ ಎರಡನೇ ಪಿಯುಸಿ. ಅಲ್ಲಿಯ ಉಪನ್ಯಾಸಕರೊಬ್ಬರು ಈ ತರಗತಿಯ ವಿಷಯ ಹೇಳಿ, ನಿನ್ನಂಥವಳು ಹೋಗಲೇಬೇಕು ಎಂದಿದ್ದರು. ಅವಳು ಮನೆಗೆ ಬಂದು ಕುಣಿದಳು. ಅತ್ತೆ ಬಡಿಯುತ್ತಿದ್ದ ರೊಟ್ಟಿಯಿಂದ ಕೈ ತೆಗೆಯಲಿಲ್ಲ.

"ಒಬ್ಬಾಕಿನ್ನ ಕಳಸಂಗಿಲ್ಲ ನಾ. ಹೋಗೂದಿದ್ರ ರೇಣುಕಾ ಜೋಡಿ ಹೋಗ್ಲಿ."

"ಅವ್ವಾ, ಅದು ಕ್ಲಾಸು. ಅಲ್ಲಿ ವೈನಿ ಬಂದು ಏನ್ ಮಾಡ್ತಾರ?"

"ಕುಂದರ್ತಾಳ. ಅಕಿಗೇನು ಮಕ್ಕಳೋ ಮರಿಯೋ? ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾಳ."

ನಾನು ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದೆ.

ಹೀಗೆ ಆಷಾಢದ ಜಡಿಮಳೆಯಲ್ಲಿ ನಮ್ಮ ಓಡಾಟ ಶುರುವಾಯಿತು. ಮಹಡಿಯ ಬಾಗಿಲ ಹೊರಗೆ ಒಂದು ಪ್ಲಾಸ್ಟಿಕ್ ಸ್ಟೂಲು ಇತ್ತು. ನಾನು ಅದರ ಮೇಲೆ ಕುಳಿತು ಉಲ್ಲನ್ನಿನ ತೋರಣ ಹೆಣೆಯುತ್ತಿದ್ದೆ. ಒಳಗಿನಿಂದ ಹುಡುಗಿಯರ ನಗು, ಕೆಳಗಿನಿಂದ ಬೇಕರಿಯ ವಾಸನೆ. ಮೆಟ್ಟಿಲು ಹತ್ತಿ ಬರುವ ಹುಡುಗಿಯರು ನನ್ನನ್ನು ಕೆಲಸದವಳೆಂದು ತಿಳಿದು, "ಆಂಟಿ, ಚಪ್ಪಲಿ ಇಲ್ಲೇ ಬಿಡೋದಾ?" ಎಂದು ಕೇಳುತ್ತಿದ್ದರು. ಹೂಂ ಎನ್ನುತ್ತಿದ್ದೆ. ನನಗೆ ಆಗ ಇಪ್ಪತ್ನಾಲ್ಕು ನಡೆಯುತ್ತಿತ್ತು.

ಮೂರೋ ನಾಲ್ಕೋ ವಾರ ಕಳೆದಿರಬೇಕು. ಒಂದು ಶನಿವಾರ ಮಳೆ ಓರೆಯಾಗಿ ಬೀಸಿ ಮೆಟ್ಟಿಲ ತನಕ ನುಗ್ಗಿತು. ಪಾಠ ಹೇಳುವ ನಿರ್ಮಲಾ ಮೇಡಂ ಬಾಗಿಲು ಹಾಕಲು ಬಂದವರು ನನ್ನನ್ನು ನೋಡಿದರು.

"ಅಯ್ಯೋ, ಪೂರ್ತಿ ನೆಂದಿದೀರಲ್ರೀ. ಒಳಗ್ ಬನ್ನಿ."

"ಇರ್ಲಿ ಬಿಡ್ರಿ ಮೇಡಂ."

"ಏನ್ ಇರ್ಲಿ? ಬನ್ನಿ, ಹಿಂದ್ಗಡೆ ಜಾಗ ಇದೆ."

ಹಿಂದಿನ ಬೆಂಚಿನಲ್ಲಿ ಕುಳಿತೆ. ಮೇಡಂ ಎಲ್ಲರಿಗೂ ಹಂಚಿ ಉಳಿದ ಒಂದು ಹಾಳೆಯನ್ನು ನನ್ನ ಮುಂದೂ ಇಟ್ಟು ಹೋದರು. ಅದರಲ್ಲಿ ಲೆಕ್ಕಗಳಿದ್ದವು. ಹಸಿದವರ ಮುಂದೆ ಎಲೆ ಹಾಕಿದಂತಾಯಿತು ಎಂದು ಈಗ ಬರೆಯಬಹುದು. ಆ ಹೊತ್ತಿಗೆ ಹಾಗೇನೂ ಅನಿಸಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೆ. ತೋರಣದ ಸೂಜಿ ಪಕ್ಕಕ್ಕಿಟ್ಟು ಪೆನ್ನಿಗಾಗಿ ಮುಂದಿನವಳ ಬೆನ್ನು ತಟ್ಟಿದೆ.

ಆ ತರಗತಿಯಲ್ಲಿ ಲೆಕ್ಕ, ಇಂಗ್ಲಿಷು ಮಾತ್ರವಲ್ಲ, ಕಾಲೇಜಿನಲ್ಲಿ ಬದುಕುವ ಬಗೆಯನ್ನೆಲ್ಲ ಕಲಿಸುತ್ತಿದ್ದರು. ಪ್ರಾಧ್ಯಾಪಕರಿಗೆ ಇಮೇಲ್ ಹೇಗೆ ಬರೆಯುವುದು, ಅರ್ಥವಾಗದಿದ್ದರೆ ಎದ್ದು ನಿಂತು ಹೇಗೆ ಕೇಳುವುದು, ಗುಂಪಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುವಾಗ ಮುದುಡದೆ ಹೇಗೆ ಕೂರುವುದು. ಅಕ್ಷತಾ ಇವುಗಳಲ್ಲಿ ಎಲ್ಲರಿಗಿಂತ ಮುಂದು. ಎದ್ದು ನಿಂತು, ಕೂದಲು ಹಿಂದೆ ಸರಿಸಿ, ತಪ್ಪೋ ಒಪ್ಪೋ ಪಟಪಟನೆ ಮಾತಾಡುತ್ತಿದ್ದಳು. ಅವಳು ಮಾತಾಡುವಾಗ ನನಗೆ ಹೆಮ್ಮೆಯಾಗುತ್ತಿತ್ತು. ನಮ್ಮ ಮನೆಯ ಹುಡುಗಿ ಎಂದು ಪಕ್ಕದವಳಿಗೆ ಹೇಳಬೇಕೆನಿಸುತ್ತಿತ್ತು.

ಶ್ರಾವಣದ ಒಂದು ಭಾನುವಾರ ಮೇಡಂ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಒಂದು ಬಸ್ಸು ಊರಿಗೆ ಹೋಗುವಾಗ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಯಿತು, ಅದೇ ದಾರಿಯಲ್ಲಿ ಬರುವಾಗ ನಲವತ್ತರಲ್ಲಿ ಬಂತು. ಸರಾಸರಿ ವೇಗ ಎಷ್ಟು?

"ಐವತ್ತು!" ಎಂದು ಇಡೀ ತರಗತಿ ಕೂಗಿತು. ಅಕ್ಷತಾಳ ದನಿ ಎಲ್ಲಕ್ಕಿಂತ ಮೇಲಿತ್ತು.

"ಐವತ್ತಲ್ಲ. ಯೋಚ್ನೆ ಮಾಡಿ," ಎಂದರು ಮೇಡಂ.

ಎಲ್ಲರೂ ಮತ್ತೆ ಹಾಳೆಗೆ ಬಗ್ಗಿದರು. ಅಷ್ಟರಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು. "ನಲವತ್ತೆಂಟ್ರಿ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಮೇಡಂ ಹೇಗೆ ಎಂದು ಕೇಳಿದರು. ನಾನು ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು, "ನಿಧಾನ ಬರೂ ದಾರ್ಯಾಗ ಹೆಚ್ಚಿಗಿ ಹೊತ್ತು ಇರ್ತೀವಲ್ರಿ. ಅದಕ್ಕ ಐವತ್ತಕಿಂತ ಕಮ್ಮಿ ಬರತೈತಿ," ಎಂದೆ. ಯಾರೋ ಒಬ್ಬಳು ನಕ್ಕಳು. ಲೆಕ್ಕಕ್ಕಲ್ಲ, ನನ್ನ ಭಾಷೆಗೆ. ಇನ್ನೊಬ್ಬಳು, "ಆಂಟಿ ಸೂಪರ್," ಎಂದಳು. ಅಕ್ಷತಾ ಮಾತ್ರ ತಿರುಗಲಿಲ್ಲ. ಅವಳ ಕತ್ತಿನ ಹಿಂಭಾಗ ಕೆಂಪಾದದ್ದು ನನಗೆ ಕಂಡಿತು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ವೈನಿ, ನೀವ್ ಅಲ್ಲಿ ಆನ್ಸರ್ ಮಾಡ್ಬೇಡಿ, ಪ್ಲೀಸ್. ಎಲ್ರೂ ಕೇಳ್ತಾರೆ, ನಿಮ್ಮನೇವ್ರಾ ಅಂತ."

"ಆಯ್ತು," ಎಂದೆ.

ಅವಳಿಗೆ ನನ್ನಿಂದ ನಾಚಿಕೆಯಾಯಿತು ಎಂಬುದರಿಂದ ನನಗೆ ನೋವಾಗಲಿಲ್ಲ. ಆ ವಯಸ್ಸಿನಲ್ಲಿ ನಾನೂ ನಮ್ಮಪ್ಪ ಧೋತರ ಉಟ್ಟು ಕಾಲೇಜಿಗೆ ಬಂದರೆ ಮರೆಗೆ ನಿಲ್ಲುತ್ತಿದ್ದೆ. ಅಂದಿನಿಂದ ಬಾಯಿ ಹೊಲಿದುಕೊಂಡು ಕೂತೆ. ಆದರೆ ಮನೆಯಲ್ಲಿ ಅವಳೇ ಹಾಳೆ ಹಿಡಿದು ಒಲೆಯ ಬಳಿ ಬರುತ್ತಿದ್ದಳು. ನಾನು ರೊಟ್ಟಿ ಬೇಯಿಸುತ್ತ ಹೇಳುತ್ತಿದ್ದೆ, ಅವಳು ಹಿಟ್ಟಿನ ಡಬ್ಬಿಯ ಮೇಲೆ ಹಾಳೆಯಿಟ್ಟು ಬರೆಯುತ್ತಿದ್ದಳು. ಅರ್ಥವಾದರೆ ನನ್ನ ಭುಜಕ್ಕೆ ತಲೆ ಗುದ್ದುತ್ತಿದ್ದಳು. ಅತ್ತೆಗೆ ಇದು ಸಮಾಧಾನ. ಮಗಳ ಜೊತೆಗೆ ಕಳಿಸಿದ್ದು ಸಾರ್ಥಕವಾಯಿತು ಎಂದು ಓಣಿಯವರ ಮುಂದೆಲ್ಲ ಹೇಳಿಕೊಂಡರು.

ಚಳಿ ಬಿದ್ದ ಮೇಲೆ ಒಂದು ದಿನ ನಿರ್ಮಲಾ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ನಾನು ಹಿಂದಿನ ಬೆಂಚಿನಲ್ಲಿ ಬಿಡಿಸಿಟ್ಟು ಹೋಗುತ್ತಿದ್ದ ಹಾಳೆಗಳನ್ನೆಲ್ಲ ಅವರು ನೋಡುತ್ತಿದ್ದರಂತೆ. ಮಧ್ಯದಲ್ಲಿ ಓದು ಬಿಟ್ಟವರಿಗೆ ಇಪ್ಪತ್ತೈದರ ತನಕ ಅವಕಾಶವಿದೆ, ನೀವೂ ಪರೀಕ್ಷೆ ಬರೆಯಿರಿ ಎಂದರು. ನಾನು ಬೇಡವೆಂದೆ. ಅವರು ಬಿಡಲಿಲ್ಲ.

"ಯಾಕ್ ಬೇಡ ಅಂತ ಒಂದ್ ಕಾರಣ ಹೇಳಿ."

"ನಾ ಅಕಿ ಜೋಡಿ ಬಂದಾಕಿರಿ."

"ಅದು ಕಾರಣ ಅಲ್ಲ ಕಣ್ರೀ."

ಅಕ್ಷತಾಳನ್ನೇ ಕೇಳಿದೆ. ಅವಳು ಬೇಡವೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಚಪ್ಪಾಳೆ ತಟ್ಟಿದಳು. "ಬರೀರಿ ವೈನಿ! ಇಬ್ರಿಗೂ ಸಿಕ್ಕಿದ್ರೆ ಒಟ್ಟಿಗೇ ಹೋಗ್ಬಹುದು. ಅವ್ವಂಗೂ ಟೆನ್ಷನ್ ಇಲ್ಲ." ನನಗೆ ಸಿಕ್ಕೀತು, ತನಗೆ ಸಿಗದೆ ಹೋದೀತು ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ನನ್ನ ಹತ್ತಿರವೂ ಇಲ್ಲ. ಅವ್ವನಿಗೆ ಈಗಲೇ ಹೇಳುವುದು ಬೇಡ ಎಂದವಳೂ ಅವಳೇ. ಗಂಡನಿಗೆ ಹೇಳಿದೆ. ಪಾಳಿ ಮುಗಿಸಿ ಬಂದು ಉಣ್ಣುತ್ತಿದ್ದವರು ನಕ್ಕು, "ಬರಿ. ಬರದ್ರ ಏನ್ ಆಗತೈತಿ," ಎಂದರು.

ಪರೀಕ್ಷೆಯ ದಿನ ಯಲಹಂಕದ ವಾಯುನೆಲೆಯ ವಿಮಾನಗಳು ತಲೆಯ ಮೇಲೆಯೇ ಹಾರುತ್ತಿದ್ದವು. ಸದ್ದು ಬಂದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು, ಹುಡುಗಿಯರು ಕಿವಿ ಮುಚ್ಚಿಕೊಂಡು ಬೈಯುತ್ತಿದ್ದರು. ನಾನು ಆ ಸದ್ದನ್ನು ಕೇಳಿಸಿಕೊಂಡೆನೋ ಇಲ್ಲವೋ. ಪರೀಕ್ಷೆ ಮುಗಿದು ಅಕ್ಷತಾ, "ವಿಮಾನದ ಸದ್ದಲ್ಲಿ ನಂಗ್ ಏನೂ ತೋಚ್ಲೇ ಇಲ್ಲ," ಎಂದು ಅತ್ತಾಗ, ನನಗೂ ಹಾಗೇ ಆಯಿತು ಎಂದು ಸುಳ್ಳು ಹೇಳಿದೆ.

ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು. ಹೆಬ್ಬಾಳದ ಒಂದು ಗಾಜಿನ ಕಟ್ಟಡ. ಅಕ್ಷತಾ ಇಂಗ್ಲಿಷಿನಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಲಿಫ್ಟಿನ ಕನ್ನಡಿಯಲ್ಲಿ ನನ್ನ ಸೆರಗು ಸರಿಮಾಡಿ, ಒಂದು ಪಿನ್ನು ಹಾಕಿ, "ಭಯ ಪಡ್ಬೇಡಿ ವೈನಿ, ಕನ್ನಡದಲ್ಲೇ ಮಾತಾಡಿ," ಎಂದಳು. ನನಗೆ ಧೈರ್ಯ ಹೇಳಿ ಕಳಿಸಿದವಳು ಅವಳೇ.

ಒಳಗೆ ಮೂವರು ಕೂತಿದ್ದರು. ಯಾಕೆ ಓದಬೇಕೆಂದಿದ್ದೀರಿ ಎಂದು ಕೇಳಿದರು. ಕೆಲಸ ಮಾಡಬೇಕು, ಮನೆಗೆ ಆಸರೆಯಾಗಬೇಕು, ಬೇರೆ ಹೆಣ್ಣುಮಕ್ಕಳಿಗೆ ದಾರಿಯಾಗಬೇಕು ಎಂದೆಲ್ಲ ಹೇಳಬಹುದಿತ್ತು. ತರಗತಿಯಲ್ಲಿ ಅವನ್ನೆಲ್ಲ ಕೇಳಿದ್ದೆ. ಅದೇನಾಯಿತೋ, ಬಾಯಿಗೆ ಬೇರೆಯೇ ಬಂತು.

"ಗೊತ್ತಿಲ್ರಿ. ಆದ್ರ ಲೆಕ್ಕಾ ಬಿಡಸೂ ಹೊತ್ತಿನ್ಯಾಗ ನಾ ಯಾರ ಸೊಸಿ, ಯಾರ ಹೆಂಡ್ತಿ ಅನ್ನೂದು ಮರ್ತು ಹೋಗತೈತ್ರಿ."

ನಡುವಿನ ಹೆಂಗಸು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಹೊರಗೆ ಬಂದು ಕುರ್ಚಿಯ ಮೇಲೆ ಕೂತೆ. ಉಂಡ ಮನೆಯನ್ನು ಪರರ ಮುಂದೆ ಬಯಲಿಗಿಟ್ಟು ಬಂದೆನಲ್ಲ, ಅತ್ತೆ ಕೇಳಿದ್ದರೆ ಏನೆನ್ನುತ್ತಿದ್ದರು ಎಂದು ಕುಗ್ಗಿಹೋದೆ. ಏನ್ ಕೇಳಿದ್ರು ಎಂದು ಅಕ್ಷತಾ ಹತ್ತು ಸಲ ಕೇಳಿದರೂ ನೆನಪಿಲ್ಲ ಎಂದುಬಿಟ್ಟೆ.

ವೈಶಾಖದ ಮೊದಲ ಗುಡುಗು ಮಳೆ ಬಂದ ಮರುದಿನ ಫೋನು ಬಂತು. ನನ್ನ ಫೋನು ಆಗಾಗ ಸತ್ತುಹೋಗುತ್ತಿದ್ದುದರಿಂದ ಇಬ್ಬರದೂ ಒಂದೇ ನಂಬರು ಕೊಟ್ಟಿದ್ದೆವು, ಅಕ್ಷತಾಳದು. ಬೆಳಗಿನ ಹೊತ್ತು. ಅತ್ತೆ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಹಿಟ್ಟು ನಾದುತ್ತಿದ್ದ ಅಕ್ಷತಾ ಅದೇ ಕೈಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಳು.

"ಅಕ್ಷತಾ, ನಿರ್ಮಲಾ ಮಾತಾಡ್ತಿರೋದು. ರೇಣುಕಾ ಇದಾರಾ?"

"ಇಲ್ಲೇ ಇದಾರೆ ಮೇಡಂ, ಹೇಳಿ."

"ರೇಣುಕಾ, ಕಂಗ್ರಾಚುಲೇಷನ್ಸ್ ಕಣ್ರೀ! ನಿಮಗೆ ಫೆಲೋಶಿಪ್ ಸಿಕ್ಕಿದೆ."

ಅಕ್ಷತಾ ಫೋನಿನ ಮೇಲೆ ಬಗ್ಗಿದಳು. "ನಂದು ಮೇಡಂ?"

ಮೇಡಂಗೆ ಫೋನು ಎಲ್ಲರ ನಡುವೆ ಇದೆಯೆಂದು ಆಗ ಹೊಳೆದಿರಬೇಕು. "ಪುಟ್ಟಾ, ನಿನ್ ಹೆಸ್ರು ವೇಟಿಂಗ್‌ನಲ್ಲಿದೆ. ಸ್ವಲ್ಪ ಕೆಳಗಿದೆ. ಆಮೇಲೆ ನಿನ್ ಹತ್ರ ಸಪರೇಟಾಗಿ ಮಾತಾಡ್ತೀನಿ, ಆಯ್ತಾ?"

ಅಕ್ಷತಾ ಫೋನು ಆರಿಸಿ, ಕೈ ತೊಳೆದುಕೊಂಡು ಒಳಗೆ ಹೋದಳು. ಹೆಂಚಿನ ಮೇಲಿನ ರೊಟ್ಟಿ ಹತ್ತಿ ಹೊಗೆ ಏಳುತ್ತಿತ್ತು. ಅದನ್ನು ತೆಗೆಯಬೇಕೆಂದು ಗೊತ್ತು, ಕೈ ಏಳಲಿಲ್ಲ. ಅತ್ತೆಯೇ ಬರಿಗೈಯಿಂದ ಎಳೆದು ಪಕ್ಕಕ್ಕೆಸೆದರು.

"ಏನಂದ್ಲು ಅಕಿ? ನಿನಗ ಸಿಕ್ಕತೇನು? ನೀ ಯಾವಾಗ ಬರದಿ?"

ಹೇಳಿದೆ. ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮತ್ತೊಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿ, ನನ್ನ ಕಡೆ ನೋಡದೆ ಹೇಳಿದರು.

"ಬೇಲಿನ ಎದ್ದು ಹೊಲಾ ಮೇದಂಗಾತು."

ಆ ಗಾದೆಯನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಪಂಚಾಯಿತಿಯವರ ಬಗ್ಗೆ, ಪೊಲೀಸರ ಬಗ್ಗೆ ಹೇಳುವ ಮಾತು ಅದು. ಅಂದು ಅದು ನನ್ನ ಮೈಮೇಲೆ ಬಂದು ಕೂತಿತು. ನಾನು ಯಾರದೇನನ್ನೂ ಕದ್ದಿರಲಿಲ್ಲ. ಅಕ್ಷತಾಳೇ ಬರೆಯಿರಿ ಎಂದಿದ್ದಳು, ಗಂಡನೇ ಬರಿ ಎಂದಿದ್ದರು. ಆದರೂ ಓಣಿಯ ನಲ್ಲಿಗೆ ಹೋಗುವಾಗ ಸೆರಗು ಹೊದ್ದು ಹೋಗುತ್ತಿದ್ದೆ. ಊರಿಂದ ಅತ್ತೆಯ ಅಕ್ಕ ಫೋನು ಮಾಡಿದರೆ ಆ ಕೋಣೆಯಿಂದ ಎದ್ದು ಹೊರಗೆ ಬರುತ್ತಿದ್ದೆ. ಅತ್ತೆ ಪ್ರತಿ ಸಲವೂ ಮೊದಲಿನಿಂದ ಕೊನೆಯ ತನಕ ಹೇಳುತ್ತಿದ್ದರು, ನನಗೆ ಕೇಳುವಷ್ಟು ದನಿಯಲ್ಲಿ.

ಗಂಡನನ್ನು ಕೇಳಿದೆ. "ನೀವ ಅಂದಿದ್ರೆಲ್ಲ, ಬರಿ ಅಂತ?"

"ಬರಿ ಅಂದಿದ್ನಿ," ಎಂದರು ಅವರು ಬೂಟು ಕಟ್ಟಿಕೊಳ್ಳುತ್ತ. "ಆರಿಸಿ ಬಾ ಅಂದಿರಲಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಒಂದು ಕಡೆ ತಂಗಿ, ಒಂದು ಕಡೆ ಹೆಂಡತಿ. ಅವರಿಗೂ ಮುಖ ಎಲ್ಲಿಡಬೇಕೆಂದು ತಿಳಿದಿರಲಿಲ್ಲ.

ಅಕ್ಷತಾ ನನ್ನ ಜೊತೆ ಮಾತು ಬಿಟ್ಟಳು. ನಾವಿಬ್ಬರೂ ಒಂದೇ ಪ್ಲೇಟಿನಲ್ಲಿ ಚುರುಮುರಿ ತಿನ್ನುತ್ತಿದ್ದವರು. ಈಗ ನಾನು ಬಡಿಸಿದರೆ ಉಣ್ಣುತ್ತಿದ್ದಳು, ಸಾಕಾದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳು ಮಂಕಾಗಿದ್ದಳು. ಅದನ್ನು ನೋಡಲಾರದೆ ಒಂದು ದಿನ ಯಾರಿಗೂ ಹೇಳದೆ ಅಲ್ಲಾಳಸಂದ್ರಕ್ಕೆ ಹೋದೆ. ನಿರ್ಮಲಾ ಮೇಡಂ ಒಬ್ಬರೇ ಕೂತು ಏನೋ ಟೈಪು ಮಾಡುತ್ತಿದ್ದರು.

"ಮೇಡಂ, ನಂದು ಅಕ್ಷತಾಗ ಕೊಡ್ರಿ," ಎಂದೆ.

ಅವರು ನನ್ನನ್ನು ಕೂರಿಸಿ ನೀರು ಕೊಟ್ಟರು. ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು. "ಅದು ಬಸ್ ಸೀಟ್ ಥರ ಎದ್ದು ಬಿಟ್ಕೊಡೋಕಾಗಲ್ಲ ರೇಣುಕಾ. ನೀವ್ ಬಿಟ್ರೆ ವೇಟಿಂಗ್‌ನಲ್ಲಿ ಮೊದಲಿರೋ ಹುಡುಗಿಗೆ ಹೋಗುತ್ತೆ. ಅಕ್ಷತಾ ತುಂಬ ಕೆಳಗಿದಾಳೆ. ನೀವ್ ಬಿಟ್ರೂ ಅವಳಿಗೆ ಸಿಗಲ್ಲ."

"ಅಂದ್ರ ನಾ ಬಿಟ್ರೂ..."

"ಬಿಟ್ರೂ ಸಿಗಲ್ಲ. ನಿಮಗೂ ಹೋಗುತ್ತೆ, ಅಷ್ಟೆ."

ನಾನು ಮುಖ ಸಣ್ಣ ಮಾಡಿಕೊಂಡು ಎದ್ದೆ. ಮೆಟ್ಟಿಲಿಳಿಯತೊಡಗಿದೆ. ಎಲ್ಲೋ ಅರ್ಧ ದಾರಿಯಲ್ಲಿ, ಗೋಡೆ ಹಿಡಿದು ಇಳಿಯುತ್ತಿದ್ದವಳಿಗೆ, ಹೊಟ್ಟೆಯಾಳದಿಂದ ಏನೋ ಎದ್ದು ಬಂತು. ಸಂತೋಷ. ಬಿಡಬೇಕಾಗಿಲ್ಲ. ಬಿಟ್ಟರೂ ಉಪಯೋಗವಿಲ್ಲ. ನನ್ನದು ನನ್ನದೇ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಒಂದು ವರ್ಷ ವಾಸನೆ ಮಾತ್ರ ಕುಡಿದಿದ್ದ ಆ ಬೇಕರಿಯ ಮುಂದೆ ನಿಂತು ಒಂದು ದಿಲ್‌ಪಸಂದ್ ಕೇಳಿದೆ. ಬಿಸಿಯಿತ್ತು. ಕಟ್ಟಿಸಿಕೊಂಡು ಮನೆಗೆ ಒಯ್ಯಬೇಕು ಎಂಬುದೂ ಹೊಳೆಯದೆ, ಮಳೆಯ ಹನಿ ಬೀಳುತ್ತಿದ್ದ ಆ ಫುಟ್‌ಪಾತಿನ ಮೇಲೆ ನಿಂತು ಪೂರ್ತಿ ತಿಂದೆ. ತಿಂದು ಬಾಯಿ ಒರೆಸಿಕೊಂಡಾಗ ನೆನಪಾಯಿತು, ನಾನು ಅಲ್ಲಿಗೆ ಯಾತಕ್ಕೆ ಬಂದಿದ್ದೆನೆಂದು. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ತಿಳಿದದ್ದು ಅಲ್ಲಿ. ಯಾರೂ ನೋಡಿರಲಿಲ್ಲ. ಯಾರೂ ಬೈದಿರಲಿಲ್ಲ. ಅತ್ತೆಯ ಗಾದೆಗೆ ನನ್ನ ಬಳಿ ಉತ್ತರವಿತ್ತು. ಆ ಸಂತೋಷಕ್ಕೆ ಇರಲಿಲ್ಲ.

ಮನೆಗೆ ಬಂದಾಗ ಅಕ್ಷತಾ ತಾರಸಿಯ ಮೇಲೆ ಮಳೆ ಜೋರಾಗುವ ಮುಂಚೆ ಬಟ್ಟೆ ತೆಗೆಯುತ್ತಿದ್ದಳು. ನಾನೂ ಕೈ ಹಾಕಿದೆ. ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ, ಕೊಡಲು ಬರುವುದಿಲ್ಲವಂತೆ ಎಂದೆ. ಅವಳು ಒಂದು ಲಂಗವನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು ನನ್ನ ಮುಖವನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ.

"ಆಗ ನಿಮಗ್ ಖುಷಿ ಆಯ್ತಾ ವೈನಿ?"

ಚುಚ್ಚಬೇಕೆಂದು ಕೇಳಿದ್ದಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು. ಇಲ್ಲವೆನ್ನಲು ಬಾಯಿ ತೆರೆದೆ. ಆಗಲಿಲ್ಲ. ಹೌದೆಂದು ತಲೆಯಾಡಿಸಿದೆ.

ಅವಳು ಹಗ್ಗದ ಕೊನೆಯ ತನಕ ಹೋಗಿ ಉಳಿದ ಬಟ್ಟೆಗಳನ್ನು ಎಳೆದುಕೊಂಡು ಬಂದಳು. ಅಳುತ್ತಿದ್ದಳು.

"ನಂಗೆ ನಿಮ್ ಮೇಲೆ ತುಂಬ ಸಿಟ್ಟಿದೆ. ಯಾವಾಗ್ ಹೋಗುತ್ತೋ ಗೊತ್ತಿಲ್ಲ. ನೀವ್ ಲೆಕ್ಕ ಹೇಳ್ಕೊಟ್ಟಿದ್ದು ಎಲ್ಲ ನೆನಪಾದ್ರೆ ಇನ್ನೂ ಸಿಟ್ಟ್ ಬರುತ್ತೆ. ಆದ್ರೆ ನೀವೇನಾದ್ರೂ ಹೋಗ್ದೇ ಮನೇಲಿ ಕೂತ್ರೆ..." ಮೂಗು ಒರೆಸಿಕೊಂಡಳು. "ಆಮೇಲೆ ನಾನ್ ಯಾರ ಹತ್ರ ಸೋತೆ ಅಂತ ಅಂದ್ಕೊಳ್ಲಿ? ರೊಟ್ಟಿ ಮಾಡ್ಕೊಂಡ್ ಇರೋರ ಹತ್ರನಾ?"

ಕೊನೆಯ ಮಾತು ಚುರುಕ್ಕೆಂದಿತು. ಅವಳಿಗೂ ಗೊತ್ತಾಯಿತೇನೋ, ಬಟ್ಟೆಯ ರಾಶಿಯನ್ನು ನನ್ನ ಕೈಗೆ ತುರುಕಿ ಕೆಳಗಿಳಿದು ಹೋದಳು.

ಕಾಲೇಜಿಗೆ ಸೇರುವ ದಿನ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಅದರ ಮಾತೇ ಇಲ್ಲ. ನಾನಾಗಿ ಕೇಳಲಿಲ್ಲ. ಕೇಳುವ ಮುಖವಿರಲಿಲ್ಲ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಕ್ಷತಾಳೇ ಎತ್ತಿದಳು.

"ವೈನಿ ಕಾಲೇಜಿಗೆ ಯಾವಾಗ ಹೋಗ್ತಾರ?"

"ಯಾವ ಕಾಲೇಜು?" ಎಂದರು ಅತ್ತೆ. "ಸೊಸಿ ಓದಾಕ, ಮಗಳು ಮನ್ಯಾಗ?"

"ನಾನ್ಯಾಕ ಮನ್ಯಾಗ ಇರ್ಲಿ? ಯಲಹಂಕದ ಸರ್ಕಾರಿ ಕಾಲೇಜ್‌ನ್ಯಾಗ ಬಿ.ಕಾಂ. ಸೇರ್ತೀನಿ. ಆದ್ರ ವೈನಿ ಹೋಗ್ಲಿಲ್ಲ ಅಂದ್ರ ನಾನೂ ಎಲ್ಲೂ ಹೋಗಂಗಿಲ್ಲ. ಇಬ್ರೂ ಕುಂತು ರೊಟ್ಟಿ ಬಡೀತೀವಿ. ನೋಡ್ಕೋ."

ಪ್ರೀತಿಯಿಂದ ಹೇಳಿದ್ದಲ್ಲ ಅದು. ಸಿಟ್ಟಿನಲ್ಲೇ, ತಟ್ಟೆಯನ್ನು ಮುಂದಕ್ಕೆ ತಳ್ಳಿ ಹೇಳಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಂಡ ತುತ್ತನ್ನು ಕೈಯಲ್ಲೇ ಹಿಡಿದು ಅವ್ವನ ಮುಖ ನೋಡಿದರು. "ಹೋಗ್ಲಿ ಬಿಡವ್ವಾ," ಎಂದರು. ಅಷ್ಟು ದಿನಗಳಲ್ಲಿ ಅವರು ಅವ್ವನೆದುರು ಈ ವಿಷಯಕ್ಕೆ ಆಡಿದ ಮೊದಲ ಮಾತು.

ಅತ್ತೆ ಅಕ್ಷತಾ ತಳ್ಳಿದ ತಟ್ಟೆಯನ್ನು ಮತ್ತೆ ಅವಳ ಮುಂದೆ ಎಳೆದಿಟ್ಟರು. ಆಮೇಲೆ, "ರೊಟ್ಟಿ ಮುಗಿಸಿ ಹೋಗ್ಲಿ," ಎಂದರು.

ಅದೇ ಒಪ್ಪಿಗೆ. ಇವತ್ತಿಗೂ ಹಾಗೇ ನಡೆದಿದೆ. ನಸುಕಿನಲ್ಲೆದ್ದು ರೊಟ್ಟಿಯ ಕೆಲಸ ಮುಗಿಸಿ, ಹೊಗೆಯ ವಾಸನೆ ಹೋಗುವಂತೆ ಮುಖ ತೊಳೆದುಕೊಂಡು ಬಸ್ಸು ಹಿಡಿಯುತ್ತೇನೆ. ಅತ್ತೆ ನನ್ನ ಓದಿನ ಬಗ್ಗೆ ಒಂದು ದಿನವೂ ಕೇಳಿಲ್ಲ. ಅಕ್ಷತಾ ಬಿ.ಕಾಂ. ಮುಗಿಸುವ ಮೊದಲೇ ಯಶವಂತಪುರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೂ ಹೋಗುತ್ತಿದ್ದಾಳೆ. ಮೊದಲ ಸಂಬಳದಲ್ಲಿ ಅವ್ವನಿಗೆ ಸೀರೆ, ಅಣ್ಣನಿಗೆ ಅಂಗಿ, ನನಗೆ ಒಂದು ಚೂಡಿದಾರ ತಂದಳು. ನಾವು ಮಾತಾಡುತ್ತೇವೆ, ನಗುತ್ತೇವೆ, ಚುರುಮುರಿಯನ್ನೂ ತಿನ್ನುತ್ತೇವೆ. ಆದರೆ ಮೊದಲಿನಂತೆ ಅವಳು ನನ್ನ ಭುಜಕ್ಕೆ ತಲೆ ಗುದ್ದುವುದಿಲ್ಲ. ಬೆಳೆದಿದ್ದಾಳೆ, ಅದಕ್ಕಿರಬಹುದು ಎಂದುಕೊಳ್ಳುತ್ತೇನೆ.

ಆ ವರ್ಷವನ್ನು ನೆನೆದಾಗಲೆಲ್ಲ ನನಗೆ ಮುಖ್ಯವಾಗಿ ನೆನಪಾಗುವುದು ಅದರ ಕೊನೆಯ ಒಂದು ಬೆಳಗು. ನಮ್ಮಿಬ್ಬರ ಕಾಲೇಜುಗಳೂ ಒಂದೇ ದಿನ ಶುರುವಾಗಿದ್ದವು. ತುಂತುರು ಮಳೆ. ಅಟ್ಟೂರಿನ ಬಸ್ ಸ್ಟಾಪಿನಲ್ಲಿ ಇಬ್ಬರೂ ನಿಂತಿದ್ದೆವು, ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ನಾನು ಹೊಸ ಬ್ಯಾಗನ್ನು ಸೆರಗಿನ ಕೆಳಗೆ ಇಟ್ಟುಕೊಂಡಿದ್ದೆ, ನೆನೆಯಬಾರದೆಂದೋ, ಕಾಣಬಾರದೆಂದೋ. ನಮ್ಮ ಓಣಿಯ ಮುನಿಯಮ್ಮ ಹಾಲು ತೆಗೆದುಕೊಂಡು ಹೋಗುತ್ತಿದ್ದವರು ನಮ್ಮನ್ನು ಕಂಡು ನಿಂತರು. ಅಟ್ಟೂರಿನ ಮೂಲದವರು, ಬಾಯಿ ಜೋರು.

"ಏನಮ್ಮಾ ರೇಣುಕಾ, ಇನ್ನೂ ನಾದಿನಿ ಜೊತೆಗೋಗೋದು ತಪ್ಪಲಿಲ್ವಾ ನಿಂಗೆ? ಇವತ್ತೂ ಬಿಟ್ಟು ಬರಕ್ಕೊಂಟ್ಯಾ?"

"ಹೂಂನ್ರಿ," ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂದುಹೋಗಿತ್ತು.

ಅಕ್ಷತಾ ನನ್ನ ಕಡೆ ತಿರುಗಿದಳು. ನಾನು ಬಸ್ಸು ಬರುವ ದಾರಿಯನ್ನೇ ನೋಡುತ್ತ ನಿಂತೆ. ಅವಳ ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಮುನಿಯಮ್ಮನಿಗೆ ಹೇಳಿದಳು.

"ಇಲ್ಲ ಆಂಟಿ. ಅವ್ರ ಕಾಲೇಜ್ ಬೇರೆ, ನಂದ್ ಬೇರೆ."

ಬಸ್ಸು ಹೊರಟಿತು. ಮುನಿಯಮ್ಮ ಹಾಲಿನ ಪ್ಯಾಕೆಟ್ಟು ಹಿಡಿದು ನನ್ನನ್ನು ತಲೆಯಿಂದ ಕಾಲಿನ ತನಕ ಹೊಸದಾಗಿ ನೋಡುತ್ತಿದ್ದರು. ನಾನು ಸೆರಗು ಸರಿಸಿ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೆ.